ಕಹಿಯವರ ಪಟ್ಟೆ

ಕಡಲು ಮೂರು ಕಡೆಯಿಂದ ಬಂದು ಮುತ್ತಿದ್ದ ಒಂದು ಊರಿತ್ತು. ಆ ಊರಿಗೆ ಹೆಸರಿರಲಿಲ್ಲ. ಅಲ್ಲಿಂದ ಯಾರೂ ಹೊರಗೆ ಹೋಗುತ್ತಿರಲಿಲ್ಲ, ಹೊರಗಿನಿಂದ ಯಾರೂ ಬರುತ್ತಿರಲಿಲ್ಲ. ಕೇಳುವವರೇ ಇಲ್ಲದ ಮೇಲೆ ಹೆಸರಿನ ಹಂಗೇಕೆ?

ಆ ಊರಿನ ಅನ್ನ ಇದ್ದದ್ದು ನೀರಿನ ಅಡಿಯಲ್ಲಿ. ದಡದಿಂದ ಕೂಗಳತೆ ದೂರದಲ್ಲಿ, ಐದಾಳು ಆಳದಲ್ಲಿ, ಬಂಡೆಗಳ ಒಂದು ಸಾಲು ಮಲಗಿತ್ತು. ಅದರ ಮೈತುಂಬ ಚಿಪ್ಪು. ಉಸಿರು ಕಟ್ಟಿ ಮುಳುಗಿ, ಉಳಿಯಿಂದ ಎಬ್ಬಿಸಿ ತಂದರೆ ಆ ದಿನ ಮನೆಯ ಒಲೆ ಉರಿಯುತ್ತಿತ್ತು. ಆದರೆ ಆ ಬಂಡೆಗಳ ಸುತ್ತ ಕಡಲಹುಲಿಗಳು ತಿರುಗುತ್ತಿದ್ದವು. ಕಾಲಿನ ಹುಲಿಯಲ್ಲ, ರೆಕ್ಕೆಯ ಹುಲಿ, ಹುಲಿಯಂಥ ಮೀನು. ದೋಣಿಗಿಂತ ಉದ್ದ, ಬಾಯಿ ತೆರೆದರೆ ಬಾಗಿಲು. ಅವು ಹೆದರುತ್ತಿದ್ದದ್ದು ಒಂದಕ್ಕೇ: ಮೈತುಂಬ ಕಪ್ಪು ಬಿಳಿ ಪಟ್ಟೆ ಹೊತ್ತು, ದೋಣಿಯ ಹುಟ್ಟಿನ ಹಾಗೆ ಚಪ್ಪಟೆಯಾದ ಬಾಲ ಬೀಸುತ್ತ ಹೋಗುವ ಕಡಲಹಾವಿಗೆ. ಹಾವಿಗೆ ಒಮ್ಮೆ ಬಾಯಿ ಹಾಕಿ ಬದುಕಿ ಉಳಿದ ಹುಲಿ ಎರಡನೆಯ ಸಲ ಅದರ ನೆರಳಿನ ಹತ್ತಿರವೂ ಸುಳಿಯುತ್ತಿರಲಿಲ್ಲ.

ಅದಕ್ಕೇ ಊರಿನಲ್ಲಿ ಒಂದು ಕಟ್ಟಳೆ ಇತ್ತು. ನೀರಿಗೆ ಇಳಿಯುವವರು ಹಾವಿನ ಪಟ್ಟೆ ಹಾಕಿಕೊಂಡು ಇಳಿಯಬೇಕು. ಬೆಳಗು ಹರಿದ ಕೂಡಲೇ ಎಲ್ಲರೂ ದಡದ ಬಿಳಿಗಲ್ಲಿನ ಹತ್ತಿರ ಸಾಲಾಗಿ ನಿಲ್ಲುತ್ತಿದ್ದರು. ಪಟ್ಟೆಯಜ್ಜಿ ಎರಡು ಕರಟ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಒಂದರಲ್ಲಿ ಹೊನ್ನೆ ಎಣ್ಣೆಯಲ್ಲಿ ಕಲಸಿದ ಮಸಿ, ಇನ್ನೊಂದರಲ್ಲಿ ಚಿಪ್ಪು ಸುಟ್ಟು ಅರೆದ ಬಿಳಿ. ಹಣೆಯಿಂದ ಹಿಮ್ಮಡಿಯವರೆಗೆ ಇಪ್ಪತ್ತೊಂದು ಪಟ್ಟೆ. ಒಂದು ಕಪ್ಪು, ಒಂದು ಬಿಳಿ. ಒಂದು ಕಪ್ಪು, ಒಂದು ಬಿಳಿ. ಅಜ್ಜಿಯ ಕಣ್ಣು ಮಂಜಾಗಿ ಎಷ್ಟೋ ವರ್ಷವಾಗಿತ್ತು. ಬೆರಳೇ ದಾರಿ ಕಂಡುಕೊಂಡು ಹೋಗುತ್ತಿತ್ತು.

ಆದರೆ ಪಟ್ಟೆ ಎಲ್ಲರಿಗೂ ಸಲ್ಲುತ್ತಿರಲಿಲ್ಲ. ಹನ್ನೆರಡು ತುಂಬಿದ ಮಕ್ಕಳನ್ನು ಬಿಳಿಗಲ್ಲಿನ ಮೇಲೆ ಕೂರಿಸಿ ಅಜ್ಜಿ ತನ್ನ ಮಡಕೆಯಿಂದ ಒಂದು ಸೌಟು ಕಹಿ ಕುಡಿಸುತ್ತಿದ್ದಳು. ಅದು ಕಡಲಹಾವಿನ ವಿಷ ಬೆರೆತ ಕಹಿ ಎಂದು ಊರು ನಂಬಿತ್ತು. ಹೊಟ್ಟೆಯಲ್ಲಿ ನಿಲ್ಲಿಸಿಕೊಂಡವರು ಕಹಿಯವರು. ಅವರ ರಕ್ತಕ್ಕೆ ಹಾವಿನ ಗುಣ ಬಂತು, ಅವರಿಗೆ ಪಟ್ಟೆ. ಕಕ್ಕಿದವರು ಸಪ್ಪೆಯವರು. ಅವರು ದೋಣಿಯಲ್ಲಿ ಕೂತು ಹಗ್ಗ ಹಿಡಿಯಬೇಕು. ಸಪ್ಪೆಯವರು ಪಟ್ಟೆ ಹಾಕಿಕೊಂಡರೆ ಏನಾಗುತ್ತದೆ ಎಂಬುದು ತೊಟ್ಟಿಲ ಕೂಸಿಗೂ ಗೊತ್ತಿತ್ತು. ಹುಲಿ ಒಂದು ದಿನ ಬಾಯಿ ಹಾಕುತ್ತದೆ, ರುಚಿ ಸಿಹಿಯೆಂದು ತಿಳಿಯುತ್ತದೆ, ಆಮೇಲೆ ಯಾರ ಪಟ್ಟೆಗೂ ಹೆದರುವುದಿಲ್ಲ. ಒಬ್ಬರ ಸುಳ್ಳಿಗೆ ಊರೇ ಉಣಿಸು.

ಆ ಊರಿನಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ತಂದೆ ತಾಯಿ ತೀರಿಹೋಗಿ, ಮನೆಗೆ ಅವರಿಬ್ಬರೇ. ಅಕ್ಕ ಕಹಿಯವಳು, ತಂಗಿ ಸಪ್ಪೆಯವಳು. ಅಕ್ಕ ಮುಳುಗುತ್ತಿದ್ದಳು, ತಂಗಿ ಅವಳ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಹಿಡಿದು ದೋಣಿಯಲ್ಲಿ ಕೂರುತ್ತಿದ್ದಳು. ಊರು ಅವಳನ್ನು ಹಗ್ಗದವಳು ಎಂದೇ ಕರೆಯುತ್ತಿತ್ತು. ಅಕ್ಕ ನೀರಿನಡಿ ಇದ್ದಷ್ಟು ಹೊತ್ತು ಹಗ್ಗದವಳಿಗೆ ಎದೆ ಡವಡವ. ಆ ಹೊತ್ತು ಕಳೆಯಲು ಅವಳು ಕಡಲಹಾವುಗಳನ್ನು ಎಣಿಸುತ್ತಿದ್ದಳು. ಹಾವಿಗೂ ಉಸಿರು ಬೇಕಲ್ಲ. ಮೇಲೆ ಬಂದು ಮೂಗು ತೋರಿಸಿ, ಒಂದು ಉಸಿರು ಎಳೆದುಕೊಂಡು ಮತ್ತೆ ಇಳಿಯುತ್ತದೆ. ಅಲ್ಲೊಂದು, ಇಲ್ಲೊಂದು. ಮೊದಲೆಲ್ಲ ಹನ್ನೆರಡು ಹಾವು ಎಣಿಸುವುದರೊಳಗೆ ಅಕ್ಕನ ತಲೆ ಮೇಲೆ ಬರುತ್ತಿತ್ತು; ಈಚೀಚೆಗೆ ಮೂರೋ ನಾಲ್ಕೋ ಕಾಣುವುದೇ ಹೆಚ್ಚು.

ಒಂದು ದಿನ ಅಕ್ಕ ಮೇಲೆ ಬಂದಾಗ ಅವಳ ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಆಳದ ನೀರು ಕಿವಿಯ ಪೊರೆ ಒಡೆದಿತ್ತು. ದೋಣಿ ಹತ್ತಿದವಳಿಗೆ ಆಕಾಶ ಕೆಳಗೆ, ಕಡಲು ಮೇಲೆ. ಹದಿನೈದು ದಿನ ಚಾಪೆಯ ಮೇಲೆ ಮಲಗಿದಳು. ಎದ್ದ ಮೇಲೂ ಮೊಣಕಾಲಿನಷ್ಟು ನೀರಿಗೆ ಇಳಿದರೆ ತಲೆ ತಿರುಗುತ್ತಿತ್ತು.

ಮುಳುಗುವವರು ಇಲ್ಲದ ಮನೆಗೆ ಆ ಊರಿನಲ್ಲಿ ಒಲೆ ಇರಲಿಲ್ಲ. ಒಂದು ತಿಂಗಳು ನೋಡುತ್ತಿದ್ದರು. ಆಮೇಲೆ ಊರಿನ ಯಜಮಾನನಾದ ಗುರಿಕಾರ ಬಂದು ಒಲೆಗೆ ನೀರು ಸುರಿದು, ಮನೆಯವರನ್ನು ಒಬ್ಬೊಬ್ಬರಾಗಿ ಬೇರೆ ಬೇರೆ ಮನೆಗಳಿಗೆ ಹಂಚುತ್ತಿದ್ದ. ಅಲ್ಲಿ ಅವರು ಬಲೆ ಸಿಕ್ಕು ಬಿಡಿಸಿಕೊಂಡು, ಚಿಪ್ಪು ಬೇಯಿಸಿಕೊಂಡು ಬಾಳಬೇಕು. ಹಾಗೆ ಹಂಚಿಹೋದ ಅಕ್ಕತಂಗಿಯರು ಮತ್ತೆ ಒಂದು ಸೂರಿನ ಕೆಳಗೆ ಮಲಗಿದ್ದನ್ನು ಯಾರೂ ಕಂಡಿರಲಿಲ್ಲ.

ತಿಂಗಳಿಗೆ ಇನ್ನು ಮೂರು ದಿನ ಇರುವಾಗ ಅಕ್ಕ ಗಂಜಿಯ ಬಟ್ಟಲು ಕೆಳಗಿಟ್ಟು ಹೇಳಿದಳು: "ನಾಳೆಯಿಂದ ನೀರಿಗೆ ಇಳೀಬೇಕು."

"ನಿನ್ನಿಂದ ಆಗ್ತದಾ?"

"ನಾನಲ್ಲ, ನೀನು."

ಹಗ್ಗದವಳು ತನ್ನ ಬಟ್ಟಲು ಪಕ್ಕಕ್ಕೆ ಸರಿಸಿದಳು. "ನಾನು ಸಪ್ಪೆಯವಳಲ್ವಾ ಅಕ್ಕ?"

"ಸಪ್ಪೆ ಅಂತ ಊರಿಗೆ ಗೊತ್ತು. ಹುಲಿಗೆ ಯಾರು ಹೇಳಿದ್ದು? ನಾನೂ ನೀನೂ ಒಂದೇ ಎತ್ತರ, ಒಂದೇ ಮೈಕಟ್ಟು. ಪಟ್ಟೆ ಹಾಕಿದ ಮೇಲೆ ಮುಖದಲ್ಲಿ ಉಳಿಯೋದು ಕಣ್ಣು ಮಾತ್ರ. ನಾನು ತಲೆಗೆ ಬಟ್ಟೆ ಸುತ್ತಿಕೊಂಡು ಹಗ್ಗ ಹಿಡಿದು ಕೂರ್ತೇನೆ."

"ನನ್ನಿಂದ ಊರಿಗೆ ಕೇಡಾದರೆ?"

ಅಕ್ಕ ಒಲೆಯ ಬೂದಿ ಕೆದಕಿದಳು. "ಅದು ನನಗೆ ಗೊತ್ತಿಲ್ಲ. ನಿನ್ನನ್ನು ಬಿಟ್ಟು ನನಗೆ ಇರಲಿಕ್ಕೆ ಆಗೋದಿಲ್ಲ. ಅದು ಗೊತ್ತುಂಟು."

ಮರುದಿನ ಹಗ್ಗದವಳು ಅಕ್ಕನ ಸೀರೆಯುಟ್ಟು ಬಿಳಿಗಲ್ಲಿನ ಸಾಲಿನಲ್ಲಿ ನಿಂತಳು. ಸಾಲು ಕರಗುತ್ತ ಕರಗುತ್ತ ಅವಳ ಸರದಿ ಬಂತು. ಅಜ್ಜಿಯ ಬೆರಳು ಹಣೆಯಿಂದ ಶುರುವಾಯಿತು. ಒಂದು ಕಪ್ಪು, ಒಂದು ಬಿಳಿ. ಬೆನ್ನಿಗೆ ಬಂದಾಗ ಬೆರಳು ಒಂದು ಕ್ಷಣ ನಿಂತಿತು. ಹಗ್ಗದವಳು ಕಣ್ಣು ಮುಚ್ಚಿಕೊಂಡಳು. ಬೆರಳು ಮತ್ತೆ ಹರಿಯಿತು. ಒಂದು ಕಪ್ಪು, ಒಂದು ಬಿಳಿ.

"ಹೋಗಿ ಬಾ ಮಗಾ," ಎಂದಳು ಅಜ್ಜಿ. ಎಲ್ಲರಿಗೂ ಹೇಳುವುದು ಅದನ್ನೇ.

ಮೊದಲ ದಿನವೇ ಕಡಲಹುಲಿ ಬಂತು. ಹಗ್ಗದವಳು ಬಂಡೆಗೆ ಉಳಿ ಊರಿ ಎರಡನೆಯ ಚಿಪ್ಪು ಎಬ್ಬಿಸುತ್ತಿದ್ದಳು. ಮೇಲಿನಿಂದ ಬೆಳಕು ಹೋಯಿತು. ತಲೆ ಎತ್ತಿದರೆ ಬಿಳಿ ಹೊಟ್ಟೆಯೊಂದು ತೇಲಿ ಹೋಗುತ್ತಿತ್ತು, ಮುಗಿಯದ ಮೆರವಣಿಗೆಯ ಹಾಗೆ. ಅದು ತಿರುಗಿತು. ಕೆಳಗಿಳಿಯಿತು. ಅವಳ ಎದುರಿಗೆ ಬಂದು, ಬಾಗಿಲಿನಷ್ಟು ಅಗಲದ ಮುಖವನ್ನು ಅತ್ತಿತ್ತ ಆಡಿಸುತ್ತ, ಕಪ್ಪು ನೋಡಿತು, ಬಿಳಿ ನೋಡಿತು. ನಾನು ಸಪ್ಪೆ, ನಾನು ಸಪ್ಪೆ ಎಂದು ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಅದು ಹುಲಿಗೆ ಕೇಳುತ್ತದೆಂದೇ ಅವಳು ತಿಳಿದಳು. ಹುಲಿ ಒಮ್ಮೆಲೇ ಮೈ ಮುರಿದು, ಏನೋ ಕೆಟ್ಟದ್ದು ನೆನಪಾದವರ ಹಾಗೆ ದೂರ ಸರಿದುಹೋಯಿತು.

ಮೇಲೆ ಬಂದವಳು ದೋಣಿಯ ಅಂಚು ಹಿಡಿದು ಕೆಮ್ಮಿದಳು.

"ಬಂತಾ?" ಎಂದು ಕೇಳಿದಳು ಅಕ್ಕ.

"ಬಂತು."

"ಮತ್ತೆ?"

"ಹೋಯ್ತು."

ಇಬ್ಬರೂ ಅಷ್ಟೇ ಮಾತಾಡಿದರು. ಆ ದಿನ ಒಲೆ ಉರಿಯಿತು. ಮೂರು ದಿನ ಕಳೆದು ಬಂದ ಗುರಿಕಾರ ಹೊಸ್ತಿಲಲ್ಲಿ ನಿಂತು, ಒಲೆ ನೋಡಿ, ತಲೆಯಾಡಿಸಿ ಹೋದ.

ಹೀಗೆ ನಾಲ್ಕು ತಿಂಗಳು. ಏಳು ಸಲ ಹುಲಿ ಬಂತು, ಏಳು ಸಲ ತಿರುಗಿ ಹೋಯಿತು. ಹಗ್ಗದವಳಿಗೆ ನೀರು ಪಳಗಿತು, ಉಸಿರು ಉದ್ದವಾಯಿತು. ಆದರೆ ಅಳುಕು ಹೋಗಲಿಲ್ಲ. ಉಳಿದ ಮುಳುಗುವವರು ನೀರಿನಡಿ ಎದುರಾದಾಗಲೆಲ್ಲ ಅವಳಿಗೆ ಅನಿಸುತ್ತಿತ್ತು, ಇವರ ಬೆನ್ನಿನ ಮೇಲೆ ನಾನು ಬದುಕಿದ್ದೇನೆ, ಇವರ ಕಹಿಯ ಮರೆಯಲ್ಲಿ ನನ್ನ ಸಪ್ಪೆಯನ್ನು ಅಡಗಿಸಿಟ್ಟಿದ್ದೇನೆ ಎಂದು.

ಐದನೆಯ ತಿಂಗಳಲ್ಲಿ ಹುಲಿ ಎಡಗೈಯವನನ್ನು ಕಚ್ಚಿತು.

ಎಡಗೈಯವನು ಊರಿಗೇ ಗಟ್ಟಿ ಮುಳುಗುಗಾರ. ಕಹಿ ಕುಡಿದ ದಿನ ಮುಖವನ್ನೂ ಕಿವುಚದೆ ಇನ್ನೊಂದು ಸೌಟು ಕೇಳಿದವನು ಅವನು ಎಂದು ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಅವನನ್ನು ದೋಣಿಯಿಂದ ಎತ್ತಿ ಮರಳಿನ ಮೇಲೆ ಮಲಗಿಸಿದಾಗ ಕಾಲಿನ ಮೀನಖಂಡ ಸೀಳಿತ್ತು, ಪಟ್ಟೆಗಳ ಮೇಲೆ ರಕ್ತ ಇಳಿದು ಕಪ್ಪೂ ಬಿಳಿಯೂ ಒಂದೇ ಬಣ್ಣವಾಗಿದ್ದವು. ಜೀವಕ್ಕೆ ಅಪಾಯ ಇರಲಿಲ್ಲ. ಆದರೆ ಊರು ಅವನ ಕಾಲನ್ನು ನೋಡುತ್ತಿರಲಿಲ್ಲ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿದ್ದರು.

ಗುರಿಕಾರ ಎಲ್ಲರ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿದ: "ನಮ್ಮಲ್ಲಿ ಯಾರೋ ಸಪ್ಪೆಯವರು ಪಟ್ಟೆ ಹಾಕಿಕೊಂಡಿದ್ದಾರೆ. ಹುಲಿಗೆ ರುಚಿ ಸಿಕ್ಕಿದೆ. ಬರುವ ಹುಣ್ಣಿಮೆಯ ಬೆಳಿಗ್ಗೆ ಮುಳುಗುವವರೆಲ್ಲ ಮತ್ತೊಮ್ಮೆ ಕಹಿ ಕುಡಿಯಬೇಕು. ಕಕ್ಕಿದವರನ್ನು ಪಟ್ಟೆ ಇಲ್ಲದೆ ಬಂಡೆಗಳ ಹತ್ತಿರ ಇಳಿಸಿ ಬರುವುದು. ಅಲ್ಲಿಯವರೆಗೆ ಯಾರೂ ನೀರಿಗೆ ಇಳಿಯಕೂಡದು."

ಹುಣ್ಣಿಮೆಗೆ ಆರು ದಿನವಿತ್ತು.

"ತಪ್ಪಿಸಿಕೊಂಡು ಹೋಗುವ," ಎಂದಳು ಅಕ್ಕ. "ದೋಣಿ ಉಂಟು."

"ಎಲ್ಲಿಗೆ?"

ಆ ಊರಿನವರಿಗೆ ಬೇರೆ ಯಾವ ಊರಿನ ಹೆಸರೂ ಗೊತ್ತಿರಲಿಲ್ಲ.

ಎರಡು ದಿನ ಹಗ್ಗದವಳು ಬಾಯಿಗೆ ಅಗುಳು ಹಾಕಲಿಲ್ಲ. ಮೂರನೆಯ ದಿನ ನಡುಹಗಲಿನಲ್ಲಿ ಎದ್ದು ಎಡಗೈಯವನ ಮನೆಗೆ ಹೋದಳು. ಅವನು ಚಾವಡಿಯಲ್ಲಿ ಕಾಲು ಚಾಚಿ ಕೂತಿದ್ದ. ನೋವು ಕೇಳಲು ಬಂದಳೆಂದು ತಿಳಿದು, ಕಟ್ಟಿದ್ದ ಸೊಪ್ಪು ಬಿಚ್ಚಿ ತೋರಿಸಿದ. ಅವಳು ಗಾಯದ ಮೇಲೆ ಬಗ್ಗಿದಳು. ಹಲ್ಲಿನ ಗುರುತು ಅರ್ಧಚಂದ್ರದ ಹಾಗಿತ್ತು. ಅವಳು ತನ್ನ ಅಂಗೈ ಅದರ ಮೇಲೆ ಹಿಡಿದು ನೋಡಿದಳು. ಒಂದು ಅಂಗೈ ಅಗಲ, ಅಷ್ಟೇ.

"ಅಣ್ಣಾ, ಇದು ಮರಿಯಲ್ವಾ?"

"ಮರಿಯೇ. ನನ್ನಷ್ಟು ಉದ್ದ ಇರಲಿಲ್ಲ. ಹೆದರಿಕೆ ಅನ್ನೋದೇ ಅದಕ್ಕೆ ಗೊತ್ತಿರಲಿಲ್ಲ ಮಾರಾಯ್ತಿ. ಸುತ್ತ ಸುತ್ತು ಹಾಕಲಿಲ್ಲ, ನೋಡಲಿಲ್ಲ. ನೇರ ಬಂದು ಬಾಯಿ ಹಾಕಿತು. ದೊಡ್ಡದೊಂದು ಅಲ್ಲೇ ಇತ್ತು. ಅದು ನನ್ನ ಹತ್ತಿರ ಬರಲಿಲ್ಲ."

ಹಗ್ಗದವಳ ತಲೆಯೊಳಗೆ ಏನೋ ಅಲುಗಿತು. ತನ್ನ ಹತ್ತಿರ ಏಳು ಸಲ ಬಂದದ್ದೂ ದೊಡ್ಡ ಹುಲಿಗಳೇ. ದೊಡ್ಡವಕ್ಕೆ ಹೆದರಿಕೆ ಉಂಟು, ಮರಿಗಳಿಗೆ ಇಲ್ಲ. ಅವಳು ಮನೆಗೆ ಓಡಿ ಬಂದು ಅಕ್ಕನನ್ನು ಕೇಳಿದಳು:

"ನೀನು ಹಗ್ಗ ಹಿಡಿದು ಕೂತಾಗ ಎಷ್ಟು ಹಾವು ಕಂಡಿ?"

"ಯಾವ ಹಾವು?"

"ಕಡಲಹಾವು. ಉಸಿರು ತಗೊಳ್ಳಲಿಕ್ಕೆ ಮೇಲೆ ಬರ್ತಾವಲ್ಲ."

ಅಕ್ಕ ಯೋಚಿಸಿದಳು. "ಮೊದಲ ತಿಂಗಳು ಒಂದು ಕಂಡೆನೇನೋ. ಆಮೇಲೆ ಒಂದೂ ಇಲ್ಲ."

ಹಗ್ಗದವಳು ದಡದ ಕಡೆ ನೋಡಿದಳು. ಅಲ್ಲಿ ಬಲೆ ಎಳೆಯುವವರು ಮರಳಿನ ಮೇಲೆ ಬಲೆ ಕೊಡವುತ್ತಿದ್ದರು. ನಾಲ್ಕು ವರ್ಷದ ಹಿಂದೆ ಮೀನು ಕಡಿಮೆಯಾದಾಗ ಗುರಿಕಾರ ಒಂದು ಮಾತು ಹೇಳಿದ್ದ: ಹಾವುಗಳು ನಮ್ಮ ಮೀನು ತಿನ್ನುತ್ತಿವೆ, ಹಾವಿನ ಕಹಿ ನಮ್ಮ ರಕ್ತದಲ್ಲೇ ಇರುವಾಗ ಹಾವು ನಮಗೆ ಯಾಕೆ? ಅಂದಿನಿಂದ ಬಲೆಗೆ ಬಿದ್ದ ಹಾವನ್ನು ನೀರಿಗೆ ಬಿಡುತ್ತಿರಲಿಲ್ಲ. ಬುಟ್ಟಿಗೆ ತುಂಬಿ, ಒಣ ಮರಳಿನ ಮೇಲೆ ಸುರಿಯುತ್ತಿದ್ದರು. ನೆಲದ ಮೇಲೆ ಅವು ಹಗ್ಗದ ತುಂಡಿನ ಹಾಗೆ. ತೆವಳಲಾರವು, ಬಾಲ ಬಡಿಯುತ್ತ ಬಡಿಯುತ್ತ ಒಣಗಿಹೋಗುತ್ತಿದ್ದವು. ದಿನವೂ ಕಾಣುತ್ತಿದ್ದದ್ದೇ. ಆದರೂ ಕಂಡಿರಲಿಲ್ಲ.

ಅವಳು ಅಲ್ಲಿಂದ ನೇರ ಪಟ್ಟೆಯಜ್ಜಿಯ ಗುಡಿಸಲಿಗೆ ನಡೆದಳು. ಅಜ್ಜಿ ಚಿಪ್ಪು ಅರೆಯುತ್ತಿದ್ದಳು.

"ಅಜ್ಜಿ, ನಾನು ಸಪ್ಪೆಯವಳು. ಐದು ತಿಂಗಳಿಂದ ಅಕ್ಕನ ಹೆಸರಲ್ಲಿ ಪಟ್ಟೆ ಹಾಕಿಸಿಕೊಳ್ತಾ ಇದ್ದೇನೆ."

ಅರೆಯುವ ಕಲ್ಲು ನಿಲ್ಲಲಿಲ್ಲ. "ನಿನ್ನ ಅಕ್ಕನ ಬೆನ್ನಿನಲ್ಲಿ ಬಲಗಡೆ ಕಡಲೆಯಷ್ಟು ದೊಡ್ಡ ಮಚ್ಚೆ ಉಂಟು. ನಿನ್ನ ಬೆನ್ನಿನಲ್ಲಿ ಇಲ್ಲ. ಹದಿನೆಂಟು ವರ್ಷ ಅವಳ ಬೆನ್ನಿಗೆ ಬಳಿದ ಕೈ ಇದು."

"ಗೊತ್ತಿದ್ದೂ ಬಳಿದಿರಾ?"

"ಬಳಿದೆ."

"ಊರಿಗೆ ಕೇಡಾಗ್ತದೆ ಅಂತ ಅನಿಸಲಿಲ್ವಾ?"

ಅಜ್ಜಿ ಕಲ್ಲು ಬಿಟ್ಟು, ಕೈ ಒರೆಸಿಕೊಂಡು, ಮೂಲೆಯ ಮಡಕೆ ತೋರಿಸಿದಳು. "ಮುಚ್ಚಳ ತೆಗೆ. ಮೂಸಿ ನೋಡು."

ಹಗ್ಗದವಳು ಮೂಸಿದಳು. ಹನ್ನೆರಡರ ವಯಸ್ಸಿನಲ್ಲಿ ಹೆದರಿಕೆಯಲ್ಲಿ ಗೊತ್ತಾಗದ ವಾಸನೆ ಈಗ ಗೊತ್ತಾಯಿತು. ಬಾಣಂತಿಯರಿಗೆ ಕುಡಿಸುವ, ಜ್ವರದವರಿಗೆ ಕುಡಿಸುವ, ಎಲ್ಲರ ಹಿತ್ತಲಲ್ಲೂ ಬೆಳೆಯುವ ಗಿಡ.

"ನೆಲಬೇವು," ಎಂದಳು.

"ನೆಲಬೇವು. ಒಂದಿಷ್ಟು ಹಾಗಲದ ರಸ, ಒಂದಿಷ್ಟು ಉಪ್ಪುನೀರು. ನನ್ನ ಅಜ್ಜಿಯ ಅಜ್ಜಿ ಕಾಯಿಸಿದ್ದೂ ಇದನ್ನೇ. ವಿಷ ಇದರಲ್ಲಿ ಯಾವತ್ತೂ ಇರಲಿಲ್ಲ."

ಹಗ್ಗದವಳು ಗೋಡೆ ಹಿಡಿದು ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹಾಗಾದರೆ ಎಡಗೈಯಣ್ಣನೂ..."

"ಅವನೂ ಸಪ್ಪೆ. ನಿನ್ನ ಅಕ್ಕನೂ ಸಪ್ಪೆ. ಊರಿಗೆ ಊರೇ ಸಪ್ಪೆ. ನಮ್ಮ ಮೂಲದ ಅಜ್ಜಿ ಒಂದು ದಿನ ಬಂಡೆಯ ಸಂದಿನಲ್ಲಿ ಹಾವುಮೀನು ಕಂಡಳಂತೆ. ಬರೀ ಮೀನು ಅದು, ವಿಷದ ಹಲ್ಲಿಲ್ಲ. ಮೈಮೇಲೆ ಮಾತ್ರ ಕಡಲಹಾವಿನ ಪಟ್ಟೆ. ಹುಲಿಯ ಮೂಗಿನ ಕೆಳಗೇ ಮರಳಲ್ಲಿ ಆರಾಮವಾಗಿ ಮಲಗಿತ್ತಂತೆ. ಅದನ್ನು ನೋಡಿ ಅವಳು ಮಸಿ ಬಳಿದುಕೊಂಡಳು. ಆದರೆ ಬರೀ ಮಸಿ ನಂಬಿ ಯಾರು ನೀರಿಗೆ ಇಳೀತಾರೆ ಮಗಾ? ಅದಕ್ಕೆ ಕಹಿ ಕುಡಿಸಿದಳು. ಎಲ್ಲರೂ ಮುಳುಗಿದರೆ ಹಗ್ಗ ಹಿಡಿಯೋದು ಯಾರು? ಯಾರು ಮುಳುಗಬೇಕು, ಯಾರು ಹಿಡಿಯಬೇಕು ಅಂತ ನಾವು ಆರಿಸಿದರೆ ಜಗಳ. ಹೊಟ್ಟೆಯೇ ಆರಿಸಲಿ ಅಂತ ಬಿಟ್ಟಳು."

"ಮತ್ತೆ ಈಗ ಹುಲಿ ಯಾಕೆ ಕಚ್ಚಿತು ಅಜ್ಜಿ?"

ಅಜ್ಜಿಯ ಮುಖ ಬಾಡಿತು. "ಅದು ನನಗೆ ತಿಳೀಲಿಲ್ಲ. ಮೂರು ದಿನದಿಂದ ಅದೇ ಯೋಚನೆ."

ಆಗ ಹಗ್ಗದವಳು ತಾನು ಕಂಡದ್ದನ್ನು ಹೇಳಿದಳು. ಗಾಯ ಅಂಗೈ ಅಗಲವಿದ್ದದ್ದನ್ನು, ಮೇಲೆ ಬಂದು ಉಸಿರೆಳೆಯುವ ಹಾವುಗಳು ಇಲ್ಲವಾದದ್ದನ್ನು, ದಡದಲ್ಲಿ ಬಾಲ ಬಡಿಯುವ ಬುಟ್ಟಿಗಳನ್ನು. "ಮುದಿ ಹುಲಿಗಳು ಹಾವಿನ ರುಚಿ ಕಂಡವು, ಅವಕ್ಕೆ ನೆನಪುಂಟು. ಈ ನಾಲ್ಕು ವರ್ಷದಲ್ಲಿ ಹುಟ್ಟಿದವಕ್ಕೆ ಪಟ್ಟೆ ಅಂದರೆ ಏನು ಅಂತ ಹೇಳಿಕೊಡುವವರೇ ಇಲ್ಲ. ಹಾವುಗಳನ್ನು ನಾವು ಮರಳಿಗೆ ಸುರಿದೆವಲ್ಲ ಅಜ್ಜಿ."

ಅಜ್ಜಿ ಮಂಜುಗಣ್ಣಿನಿಂದ ಅವಳಿದ್ದ ದಿಕ್ಕನ್ನೇ ನೋಡುತ್ತಿದ್ದಳು. "ನಾನು ಕಣ್ಣಿಲ್ಲದವಳು," ಎಂದಳು ಕೊನೆಗೆ. "ಮುಳುಗುವವರು ನೀರಿನಡಿ ನೋಡ್ತಾರೆ. ಮೇಲೆ ನೋಡೋದು ಹಗ್ಗದವರು ಮಾತ್ರ. ಅವರನ್ನು ಯಾರೂ ಯಾವತ್ತೂ ಏನೂ ಕೇಳಲಿಲ್ಲ."

"ಊರಿಗೆ ಹೇಳಬೇಕು ಅಜ್ಜಿ."

"ಮಡಕೆಯಲ್ಲಿ ಏನಿತ್ತು ಅಂತ ಹೇಳಿದರೆ ನಾಳೆಯಿಂದ ಯಾರೂ ನೀರಿಗೆ ಇಳಿಯಲಿಕ್ಕಿಲ್ಲ."

"ಹೇಳದೆ ಇಳಿದರೆ ಮೇಲೆ ಬರಲಿಕ್ಕಿಲ್ಲ."

ಅಜ್ಜಿ ಮತ್ತೆ ಕಲ್ಲು ಹಿಡಿದು ಅರೆಯತೊಡಗಿದಳು.

ಹುಣ್ಣಿಮೆಯ ಬೆಳಿಗ್ಗೆ ಊರೆಲ್ಲ ಬಿಳಿಗಲ್ಲಿನ ಸುತ್ತ ಸೇರಿತು. ಮುಳುಗುವವರು ಒಂದು ಕಡೆ, ಹಗ್ಗದವರು ಇನ್ನೊಂದು ಕಡೆ. ಎಡಗೈಯವನೂ ಊರುಗೋಲು ಹಿಡಿದು ಬಂದಿದ್ದ. ನೀರಿನಂಚಿನಲ್ಲಿ ಬಲೆಯವರ ಎರಡು ಹಾವಿನ ಬುಟ್ಟಿಗಳು ಮುಚ್ಚಳದ ಕೆಳಗೆ ಮಿಸುಕುತ್ತಿದ್ದವು. ದೂರದ ನೀರಿಗೆ ಹೋಗಿ ಬಲೆ ಹಾಕಿ ತಂದದ್ದು. ಗುರಿಕಾರ ಕೈ ಎತ್ತಿದ. ಅಜ್ಜಿ ಮಡಕೆಗೆ ಸೌಟು ಇಳಿಸಿದಳು.

ಯಾರೂ ಕರೆಯುವ ಮೊದಲೇ ಹಗ್ಗದವಳು ಮುಂದೆ ಬಂದು ಕಲ್ಲಿನ ಮೇಲೆ ಕೂತಳು. ಅಕ್ಕ ಅವಳ ಸೆರಗು ಹಿಡಿದಳು. ಹಗ್ಗದವಳು ಮೆಲ್ಲಗೆ ಬಿಡಿಸಿಕೊಂಡು ಸೌಟಿಗೆ ಬಾಯಿ ಕೊಟ್ಟಳು. ನುಂಗಿದಳು. ಹತ್ತು ಎಣಿಸುವಷ್ಟರಲ್ಲಿ ಎಲ್ಲವೂ ಮರಳಿನ ಮೇಲೆ ಬಂತು.

ಸಪ್ಪೆಯವಳು ಆ ಕಲ್ಲಿನ ಮೇಲೆ ಯಾಕೆ ಕೂತಳೆಂದು ಹೊಳೆದದ್ದೇ ಊರು ಹಿಂದೆ ಸರಿಯಿತು. ಗುರಿಕಾರ ಬಾಯಿ ತೆರೆಯುವುದರೊಳಗೆ ಅವಳು ಬಾಯಿ ಒರೆಸಿಕೊಂಡು ಎದ್ದು ನಿಂತಳು.

"ಹೌದು, ನಾನು ಸಪ್ಪೆಯವಳು. ಅಕ್ಕನ ಕಿವಿ ಒಡೆದ ಮೇಲೆ ನೀರಿಗೆ ಇಳಿದವಳು ನಾನು. ಏಳು ಸಲ ಹುಲಿ ನನ್ನ ಮುಂದೆ ನಿಂತಿತು, ಏಳು ಸಲವೂ ತಿರುಗಿ ಹೋಯಿತು. ನನ್ನಲ್ಲಿ ಸಿಹಿ ಇದ್ದರೆ ಮೊದಲು ನನ್ನನ್ನೇ ತಿನ್ನಬೇಕಿತ್ತಲ್ಲ? ನನ್ನನ್ನು ಬಿಟ್ಟು, ಎಲ್ಲರಿಗಿಂತ ಗಟ್ಟಿ ಕಹಿಯವನಾದ ಎಡಗೈಯಣ್ಣನಿಗೆ ಯಾಕೆ ಬಾಯಿ ಹಾಕಿತು?"

ಗುರಿಕಾರ ಅಜ್ಜಿಯ ಕಡೆ ತಿರುಗಿದ. "ಅಜ್ಜಿ, ನೀವು ಹೇಳಿ. ಇವಳನ್ನು ಏನು ಮಾಡುವುದು?"

ಅಜ್ಜಿ ಸೌಟು ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು, ತಾನೇ ಕುಡಿದಳು. ಊರು ಅವಳು ಕುಡಿದದ್ದನ್ನು ಯಾವತ್ತೂ ಕಂಡಿರಲಿಲ್ಲ. ಮುಖ ಹಿಂಡಿತು, ಭುಜ ನಡುಗಿತು. ಮುದುಕಿ ಪಕ್ಕಕ್ಕೆ ಬಗ್ಗಿ, ತೊಟ್ಟೂ ಉಳಿಯದ ಹಾಗೆ ಕಕ್ಕಿದಳು.

"ಹನ್ನೆರಡರಲ್ಲೂ ಕಕ್ಕಿದ್ದೆ," ಎಂದಳು ಅಜ್ಜಿ, ಉಸಿರು ಹಿಡಿಯುತ್ತ. "ಇದು ನೆಲಬೇವಿನ ಕಷಾಯ. ಕಹಿಯವರು ಅಂತ ಈ ಊರಲ್ಲಿ ಯಾರೂ ಇಲ್ಲ. ಕಹಿ ಇದ್ದದ್ದು ಹಾವುಗಳಲ್ಲಿ. ಅವುಗಳ ಮರ್ಯಾದೆಯನ್ನು ನಾವು ಮೈಗೆ ಬಳಿದುಕೊಂಡಿದ್ದೆವು, ಅಷ್ಟೇ. ಈಗ ಆ ಹಾವುಗಳನ್ನೇ ಕೊಂದಿದ್ದೇವೆ. ಹುಲಿಯ ಮರಿಗಳಿಗೆ ಪಾಠ ಹೇಳುವವರಿಲ್ಲ. ಇದನ್ನು ಕಂಡವಳು ಇವಳು. ನಾನಲ್ಲ."

ಗುರಿಕಾರ ಕೂತುಬಿಟ್ಟ. ಮುಳುಗುವವರು ತಮ್ಮ ಕೈ, ತಮ್ಮ ತೋಳು ನೋಡಿಕೊಂಡರು, ಬೇರೆಯವರ ಮೈ ಹೊತ್ತು ಬಂದವರ ಹಾಗೆ. ಮೊದಲು ಕೇಳಿದ್ದು ಎಡಗೈಯವನ ನಗು. ಗಾಯದ ಕಾಲು ನೋಯುತ್ತಿದ್ದರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಇಪ್ಪತ್ತು ವರ್ಷ," ಎಂದ. "ಇಪ್ಪತ್ತು ವರ್ಷ ನಾನೊಂದು ದೊಡ್ಡ ವಿಷ ಅಂತ ಹೆಂಡತಿಗೆ ಮುತ್ತು ಕೊಡಲಿಕ್ಕೂ ಹೆದರಿದೆನಲ್ಲ ಮಾರಾಯ್ರೆ."

ಅವನ ಹೆಂಡತಿ ಹಗ್ಗದವರ ಸಾಲಿನಲ್ಲಿ ನಿಂತಿದ್ದಳು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೋ ಕಿಸಕ್ಕೆಂದರು. ಆಮೇಲೆ ನಗು ತೆರೆಯ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು; ಮುಳುಗುವವರಿಗೂ ಹಗ್ಗದವರಿಗೂ ನಡುವೆ ಬಿಟ್ಟಿದ್ದ ಜಾಗ ಯಾವಾಗ ತುಂಬಿತೋ ಯಾರಿಗೂ ಗೊತ್ತಾಗಲಿಲ್ಲ.

ಹಗ್ಗದವಳು ನಗಲಿಲ್ಲ. ಅವಳು ನೀರಿನಂಚಿಗೆ ಹೋಗಿ ಒಂದು ಬುಟ್ಟಿಯ ಕಿವಿ ಹಿಡಿದಳು. ಒಬ್ಬಳಿಂದ ಎತ್ತಲಾಗಲಿಲ್ಲ. ಇನ್ನೊಂದು ಕಿವಿಗೆ ಕೈ ಹಾಕಿದವನು ಗುರಿಕಾರ. ಮುಖ ಎತ್ತದೆ ಅಂದ: "ಮೀನು ಕಡಿಮೆಯಾದಾಗ ಯಾರ ಮೇಲಾದರೂ ಹೊರಿಸಬೇಕಿತ್ತು. ಹೊರಿಸಿದೆ."

ಇಬ್ಬರೂ ಸೊಂಟದ ನೀರಿನವರೆಗೆ ಹೋಗಿ ಬುಟ್ಟಿಯನ್ನು ಓರೆ ಮಾಡಿದರು. ದಡದಲ್ಲಿ ಸತ್ತ ಹಗ್ಗದಂತಿದ್ದ ಹಾವುಗಳು ನೀರು ತಾಗಿದ್ದೇ ಬಿಚ್ಚಿಕೊಂಡವು. ಒಂದು ಕಪ್ಪು, ಒಂದು ಬಿಳಿ, ಒಂದು ಕಪ್ಪು, ಒಂದು ಬಿಳಿ, ಅವರ ಕಾಲುಗಳ ನಡುವೆಯೇ ಹರಿದು, ಯಾರನ್ನೂ ಕಚ್ಚದೆ, ಆಳಕ್ಕೆ ಇಳಿದುಹೋದವು.

ಆಮೇಲೆ ಆ ಊರು ಒಂದು ವರ್ಷ ಕಡಲಿಗೆ ಬಾಗಿಲು ಹಾಕಿತು. ಬಂಡೆಗಳ ಹತ್ತಿರ ಯಾರೂ ಮುಳುಗಲಿಲ್ಲ. ಅಳಿವೆಯ ಕೆಸರಿನಲ್ಲಿ ಏಡಿ ಹುಡುಕಿದರು, ಗೆಡ್ಡೆ ಅಗೆದರು, ಒಂದು ಹೊತ್ತು ಉಂಡರು. ಒಲೆಗೆ ನೀರು ಸುರಿಯುವುದು ನಿಂತಿತು; ಎಲ್ಲರ ಒಲೆಯೂ ಅರ್ಧವೇ ಉರಿಯುತ್ತಿದ್ದಾಗ ಯಾರು ಯಾರ ಒಲೆ ಆರಿಸುವುದು? ಬಲೆಗೆ ಬಿದ್ದ ಹಾವುಗಳನ್ನು ದೋಣಿಯಿಂದಲೇ ಕೋಲಿನಲ್ಲಿ ಎತ್ತಿ ನೀರಿಗೆ ಬಿಟ್ಟರು. ದಿನವೂ ಹಗ್ಗದವರು ದೋಣಿಗಳಲ್ಲಿ ಕೂತು ನೀರಿನ ಮೇಲೆ ಕಣ್ಣಿಟ್ಟರು. ಮಳೆಗಾಲದ ಮೊದಲು ಒಂದು ಮೂಗು ಕಂಡಿತು. ಮಳೆಗಾಲ ಕಳೆದ ಮೇಲೆ ಐದು, ಆಮೇಲೆ ಒಂಬತ್ತು. ಚಳಿ ಮುಗಿಯುವ ಹೊತ್ತಿಗೆ ಎಣಿಸುವವರ ಲೆಕ್ಕ ತಪ್ಪತೊಡಗಿತು. ಒಂದು ಬೆಳಿಗ್ಗೆ ಹುಲಿಯ ಮರಿಯೊಂದು ಸತ್ತು ದಡಕ್ಕೆ ಬಂದು ಬಿದ್ದಿತ್ತು, ಬಾಯಿ ಊದಿಕೊಂಡು. ಊರು ಅದರ ಸುತ್ತ ನಿಂತು ನೋಡಿತು. ಯಾರೂ ಸಂತೋಷಪಡಲಿಲ್ಲ, ಆದರೆ ಎಲ್ಲರ ಉಸಿರೂ ಒಮ್ಮೆಗೇ ಹೊರಗೆ ಬಂತು. ಉಳಿದ ಮರಿಗಳು ಇದನ್ನು ಎಲ್ಲೋ ಕಲಿಯುತ್ತಿರಬೇಕು.

ಮೊದಲು ಇಳಿಯುವುದು ಯಾರು ಎಂಬ ಮಾತು ಬಂದಾಗ ಎಲ್ಲರೂ ಹಗ್ಗ ಸುತ್ತುತ್ತ, ಉಳಿ ಒರೆಸುತ್ತ ಕೂತರು. ಬರೀ ಮಸಿ ನಂಬಿ ಯಾರು ಇಳೀತಾರೆ ಎಂದು ಅಜ್ಜಿ ಕೇಳಿದ್ದು ಸುಳ್ಳಲ್ಲ.

"ನಾನು ಇಳೀತೇನೆ," ಎಂದಳು ಹಗ್ಗದವಳು. "ನನಗೆ ಬರೀ ಮಸಿಯಲ್ಲೇ ಅಭ್ಯಾಸ."

ಬಿಸಿಲು ಚೆನ್ನಾಗಿ ಏರಿದ ಮೇಲೆ ಅವಳು ಇಳಿದಳು. ಬಂಡೆಯ ಮೇಲೆ ಚಿಪ್ಪು ದಟ್ಟವಾಗಿ ಬೆಳೆದಿತ್ತು. ನಾಲ್ಕು ಎಬ್ಬಿಸುವಷ್ಟರಲ್ಲಿ ಹುಲಿ ಬಂತು. ದೊಡ್ಡದಲ್ಲ, ಅವಳಿಗಿಂತ ತುಸು ಉದ್ದ, ಮೈಯೆಲ್ಲ ಎಳೆಯ ಹೊಳಪು. ನೇರ ಬಂತು. ಅವಳು ಉಳಿಯನ್ನು ಎದೆಗೆ ಒತ್ತಿ ಹಿಡಿದು ಅಲುಗದೆ ನಿಂತಳು. ತೋಳಳತೆ ದೂರದಲ್ಲಿ ಅದು ನಿಂತಿತು. ಕಪ್ಪು ನೋಡಿತು, ಬಿಳಿ ನೋಡಿತು. ಅದರ ತುಟಿಯ ಮೇಲೆ ಒಂದು ಹಳೆಯ ಊತದ ಕಲೆ ಇತ್ತು. ಅದು ಮೈ ಮುರಿದು, ಬಂದದ್ದಕ್ಕಿಂತ ಬೇಗ ಹೊರಟುಹೋಯಿತು.

ಅವಳು ಮೇಲೆ ಬಂದಾಗ ಅಕ್ಕನ ಕೈಗಳು ಅವಳನ್ನು ದೋಣಿಗೆ ಎಳೆದುಕೊಂಡವು. ಸುತ್ತಲಿನ ದೋಣಿಗಳೆಲ್ಲ ಕಾದಿದ್ದವು.

"ಹೋಯ್ತು," ಎಂದಳು ಅವಳು. ಗಟ್ಟಿಯಾಗಿ ಹೇಳುವ ಶಕ್ತಿ ಇರಲಿಲ್ಲ. ಅಕ್ಕ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಪಕ್ಕದ ದೋಣಿಯಿಂದ ಎಡಗೈಯವನು ನೀರಿಗೆ ಜಾರಿದ ಸದ್ದು ಕೇಳಿತು. ಆಮೇಲೆ ಇನ್ನೊಬ್ಬರು. ಆಮೇಲೆ ಮತ್ತೊಬ್ಬರು, ಕಕ್ಕಿದವರೂ, ಕಕ್ಕದವರೂ.

ಅವಳು ಚಿಪ್ಪುಗಳ ಪಕ್ಕದಲ್ಲಿ, ಒದ್ದೆ ಮೈಯಲ್ಲೇ ದೋಣಿಯ ತಳದಲ್ಲಿ ಮಲಗಿದಳು. ಬಿಸಿಲು ಹಿತವಾಗಿತ್ತು. ಅಕ್ಕ ಏನೋ ಕೇಳಿದಳು. ಉತ್ತರ ಬರಲಿಲ್ಲ. ನೋಡಿದರೆ ತಂಗಿಗೆ ನಿದ್ದೆ ಹತ್ತಿತ್ತು, ಬಾಯಿ ಸ್ವಲ್ಪ ತೆರೆದುಕೊಂಡು. ಅಕ್ಕ ತನ್ನ ಸೆರಗು ಬಿಚ್ಚಿ ಅವಳ ಮುಖಕ್ಕೆ ನೆರಳು ಹಿಡಿದಳು. ದಡಕ್ಕೆ ಹೋಗುವ ಅವಸರ ಯಾರಿಗೂ ಇರಲಿಲ್ಲ. ಗಾಳಿ ಎತ್ತ ಒಯ್ಯುತ್ತದೋ ಅತ್ತ ದೋಣಿ ಮೆಲ್ಲಗೆ ತಿರುಗುತ್ತಿತ್ತು.